ಮೇಣದ ಬತ್ತಿಯ ಬುಡದಲ್ಲಿರುವ ಲೆಕ್ಕ

ಮಲೆನಾಡಿನ ಹಳ್ಳಿಗಳಲ್ಲಿ ಸ್ವಉದ್ಯೋಗದ ಮಾತು ಬಂದಾಗಲೆಲ್ಲ ಕೇಳಿಬರುವ ನಾಲ್ಕಾರು ಹೆಸರುಗಳಲ್ಲಿ ಮೇಣದ ಬತ್ತಿಯೂ ಒಂದು. ಹಪ್ಪಳ, ಉಪ್ಪಿನಕಾಯಿ, ಊದುಬತ್ತಿಗಳ ಸಾಲಿನಲ್ಲಿ ಅದಕ್ಕೆ ಖಾಯಂ ಸ್ಥಾನವಿದೆ. ರಾಜ್ಯದಲ್ಲಿ 2000-01ರಲ್ಲಿ ಸ್ತ್ರೀಶಕ್ತಿ ಯೋಜನೆ ಆರಂಭವಾಗಿ ಊರೂರಲ್ಲಿ ಸ್ವಸಹಾಯ ಸಂಘಗಳು ಹುಟ್ಟಿಕೊಂಡ ಮೇಲೆ ಇಂತಹ ಮನೆ ಕಸುಬುಗಳ ಬಗೆಗಿನ ಆಸಕ್ತಿ ಇನ್ನಷ್ಟು ಬೆಳೆಯಿತು. ಬಂಡವಾಳ ಕಡಿಮೆ, ಕಲಿಕೆ ಸುಲಭ, ಅಡುಗೆಮನೆಯ ಒಲೆಯೇ ಸಾಕು ಎಂಬ ಮೂರು ಮಾತುಗಳು ಯಾರನ್ನಾದರೂ ಸೆಳೆಯುವಂಥವೇ. ಮೂರರಲ್ಲಿಯೂ ಸತ್ಯಾಂಶವಿದೆ. ಆದರೆ ಕಸುಬೊಂದನ್ನು ಕೈಗೆತ್ತಿಕೊಳ್ಳುವವರು ಬೇರೆ ಮೂರು ಪ್ರಶ್ನೆಗಳನ್ನು ಮೊದಲು ಕೇಳಿಕೊಳ್ಳಬೇಕು. ಮೇಣ ಎಲ್ಲಿಂದ ಬರುತ್ತದೆ? ಬತ್ತಿಯನ್ನು ಕೊಳ್ಳುವವರು ಯಾರು? ದುಡಿಮೆಯ ಫಲ ಕೊನೆಗೆ ಯಾರ ಕೈ ಸೇರುತ್ತದೆ? ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆ ಈ ಕಸುಬಿಗೆ ಬೇರೆಲ್ಲಕ್ಕಿಂತ ಹೆಚ್ಚು ಅನ್ವಯಿಸುತ್ತದೆ.

ಮೊದಲ ಪ್ರಶ್ನೆಯಿಂದಲೇ ತೊಡಗೋಣ. ಅಂಗಡಿಯಲ್ಲಿ ಸಿಗುವ ಬಿಳಿಯ ಮೇಣದ ಬತ್ತಿ ಪ್ಯಾರಾಫಿನ್ ಮೇಣದ್ದು. ಅದು ಕಚ್ಚಾ ತೈಲವನ್ನು ಶುದ್ಧೀಕರಿಸುವಾಗ ದೊರೆಯುವ ವಸ್ತು. 19ನೇ ಶತಮಾನದ ಮಧ್ಯಭಾಗದವರೆಗೆ ಯುರೋಪಿನ ಬಡವರು ಪ್ರಾಣಿಗಳ ಕೊಬ್ಬಿನ ಬತ್ತಿಯನ್ನೂ, ಶ್ರೀಮಂತರು ಮತ್ತು ಚರ್ಚುಗಳು ಜೇನುಮೇಣದ ಬತ್ತಿಯನ್ನೂ ಉರಿಸುತ್ತಿದ್ದರು. ಕೊಬ್ಬಿನಿಂದ ಸ್ಟಿಯರಿಕ್ ಆಮ್ಲವನ್ನು ಬೇರ್ಪಡಿಸುವ ವಿದ್ಯೆ ಫ್ರಾನ್ಸಿನಲ್ಲಿ 1820ರ ದಶಕದಲ್ಲಿಯೂ, ಪ್ಯಾರಾಫಿನ್ ಮೇಣದ ವಾಣಿಜ್ಯ ಉತ್ಪಾದನೆ ಬ್ರಿಟನ್ನಿನಲ್ಲಿ 1850ರ ದಶಕದಲ್ಲಿಯೂ ಕೈಗೂಡಿದ ಮೇಲೆ ಬತ್ತಿ ಅಗ್ಗವಾಯಿತು, ಕಾರ್ಖಾನೆಯ ಸರಕಾಯಿತು. ನಮ್ಮ ದೇಶದಲ್ಲಿ 1901ರಲ್ಲಿ ಆರಂಭವಾದ ಅಸ್ಸಾಮಿನ ಡಿಗ್‌ಬಾಯ್ ತೈಲ ಶುದ್ಧೀಕರಣಾಗಾರ ಮೇಣಕ್ಕಾಗಿಯೂ ಹೆಸರುವಾಸಿ. ಹೀಗಾಗಿ ಸಹ್ಯಾದ್ರಿಯ ಮನೆಯೊಂದರಲ್ಲಿ ಕರಗಿಸಿ ಅಚ್ಚಿಗೆ ಹೊಯ್ದ ಪ್ಯಾರಾಫಿನ್ ಬತ್ತಿಯಲ್ಲಿ ನಮ್ಮದೆನ್ನುವುದು ಕೈಯ ದುಡಿಮೆಯೊಂದೇ. ವಸ್ತು ಹೊರಗಿನದು, ಅದರ ಬೆಲೆ ನಿರ್ಧಾರವಾಗುವುದೂ ತೈಲದ ಪೇಟೆಯಲ್ಲಿ.

ಇದೇ ಮೇಣವನ್ನು ಟನ್ನುಗಟ್ಟಲೆ ಕೊಂಡು ಯಂತ್ರದಲ್ಲಿ ಬತ್ತಿ ಎರೆಯುವ ಕಾರ್ಖಾನೆಯೊಡನೆ, ಹತ್ತು ಕಿಲೋ ಕೊಂಡು ಕೈಯಲ್ಲಿ ಎರೆಯುವ ಹೆಣ್ಣುಮಗಳು ಬೆಲೆಯಲ್ಲಿ ಸ್ಪರ್ಧಿಸಲಾರಳು. ಅಲ್ಲದೆ ಬೆಳಕಿಗಾಗಿ ಬತ್ತಿ ಕೊಳ್ಳುವ ಕಾಲವೂ ಸರಿದುಹೋಗುತ್ತಿದೆ. ಮಳೆಗಾಲದಲ್ಲಿ ಮರ ಬಿದ್ದು ವಾರಗಟ್ಟಲೆ ವಿದ್ಯುತ್ ಇಲ್ಲದ ಊರುಗಳಲ್ಲಿಯೂ ಈಗ ಸೌರದೀಪ, ಚಾರ್ಜು ಮಾಡುವ ಎಲ್‌ಇಡಿ ದೀಪಗಳು ಬಂದಿವೆ. ಕತ್ತಲೆಗೆ ಹೆದರಿ ಬತ್ತಿ ಕೊಳ್ಳುವವರನ್ನು ನಂಬಿ ಇಂದು ಕಸುಬು ಕಟ್ಟುವುದು ಜಾಣತನವಲ್ಲ.

ಈ ಸತ್ಯವನ್ನು ಮರೆಮಾಚಿ ನಡೆಯುವ ವ್ಯವಹಾರವೊಂದರ ಬಗ್ಗೆ ಎಚ್ಚರಿಕೆಯ ಮಾತು ಅಗತ್ಯ. “ಯಂತ್ರ ನಮ್ಮಲ್ಲಿ ಕೊಳ್ಳಿ, ಕಚ್ಚಾ ಮೇಣವನ್ನೂ ನಾವೇ ಕೊಡುತ್ತೇವೆ, ತಯಾರಾದ ಮಾಲನ್ನು ನಾವೇ ಮರಳಿ ಕೊಳ್ಳುತ್ತೇವೆ” ಎಂಬ ಜಾಹೀರಾತುಗಳನ್ನು ಓದುಗರು ಕಂಡಿರಬಹುದು. ಇಂತಹ ಒಪ್ಪಂದದಲ್ಲಿ ಮಾರುವವನ ಲಾಭ ಯಂತ್ರ ಮಾರಿದ ದಿನವೇ ಮುಗಿದಿರುತ್ತದೆ. ಮಾಲು ಕೊಳ್ಳುವ ದಿನ ಬಂದಾಗ ಗುಣಮಟ್ಟ ಸಾಲದು, ತೂಕ ಸರಿಯಿಲ್ಲ ಎಂಬ ನೆಪ ಹೇಳುವುದು ಕಷ್ಟವಲ್ಲ. ಸಂಘದ ಸಾಲ ಮಾತ್ರ ಹೆಣ್ಣುಮಕ್ಕಳ ಹೆಸರಿನಲ್ಲಿ ಉಳಿಯುತ್ತದೆ. ಮೇಣದ ಬತ್ತಿ ಕಲಿಯಲು ಯಂತ್ರವೇ ಬೇಡ. ಎರಡು ಪಾತ್ರೆ, ಒಂದು ತಕ್ಕಡಿ, ಒಂದು ಉಷ್ಣಮಾಪಕ, ನಾಲ್ಕು ಅಚ್ಚು ಇದ್ದರೆ ಸಾಕು. ದೊಡ್ಡ ಯಂತ್ರದಿಂದಲೇ ಆರಂಭಿಸಿ ಎನ್ನುವವರ ಮಾತನ್ನು ಸಂಶಯದಿಂದಲೇ ಕೇಳಬೇಕು.

ಹಾಗಾದರೆ ಗುಡ್ಡದ ಜನರಿಗೆ ಈ ಕಸುಬು ಹೊಂದುವುದಿಲ್ಲವೇ? ಹೊಂದುತ್ತದೆ, ಆದರೆ ನಮ್ಮಲ್ಲಿರುವ ಮೇಣದಿಂದ, ಅದರ ಮಿತಿಯೊಳಗೆ. ಆ ಮೇಣ ಜೇನುಹುಳುವಿನದು.

ಕೆಲಸಗಾರ ಹುಳು ತನ್ನ ಹೊಟ್ಟೆಯಡಿಯ ಗ್ರಂಥಿಗಳಿಂದ ಮೇಣವನ್ನು ಸಣ್ಣ ಸಣ್ಣ ಹಲ್ಲೆಗಳಾಗಿ ಸ್ರವಿಸಿ, ಅಗಿದು ಮೆದುಮಾಡಿ ಎರಿ ಕಟ್ಟುತ್ತದೆ. ಒಂದು ಕಿಲೋ ಮೇಣ ಕಟ್ಟಲು ಹುಳುಗಳು ಆರರಿಂದ ಎಂಟು ಕಿಲೋ ಜೇನನ್ನು ತಿನ್ನಬೇಕೆಂಬ ಅಂದಾಜಿದೆ. ಜೇನು ಸಾಕುವವರು ಎರಿಯನ್ನು ಹಿಂಡದೆ, ತಿರುಗುವ ಯಂತ್ರದಲ್ಲಿ ತುಪ್ಪ ತೆಗೆದು ಎರಿಯನ್ನು ಪೆಟ್ಟಿಗೆಗೆ ಮರಳಿಸುವುದು ಈ ಕಾರಣಕ್ಕಾಗಿಯೇ. ಹಾಗೆ ಮಾಡಿದಾಗ ನಮಗೆ ಉಳಿಯುವುದು ಕೋಶಗಳ ಬಾಯಿ ಮುಚ್ಚಿದ ತೆಳ್ಳನೆಯ ಮೇಣದ ಮುಚ್ಚಳ ಮಾತ್ರ. 100 ಕಿಲೋ ಜೇನಿಗೆ ಇಂತಹ ಮೇಣ ಒಂದೆರಡು ಕಿಲೋ ದೊರೆತರೆ ಹೆಚ್ಚು.

ಈ ಅಂಕಿಯನ್ನು ಮನೆಯ ಅಳತೆಗೆ ಇಳಿಸಿ ನೋಡೋಣ. ಒಂದು ಮನೆಯಲ್ಲಿ ಹತ್ತು ತುಡುವೆ ಪೆಟ್ಟಿಗೆಗಳಿದ್ದು, ಪೆಟ್ಟಿಗೆಗೆ ವರ್ಷಕ್ಕೆ 5 ಕಿಲೋ ತುಪ್ಪ ಬಂತೆಂದು ಹಿಡಿಯೋಣ. 50 ಕಿಲೋ ತುಪ್ಪಕ್ಕೆ ಮೇಣ ಅರ್ಧದಿಂದ ಒಂದು ಕಿಲೋ. 50 ಗ್ರಾಂ ತೂಕದ ಬತ್ತಿಗಳನ್ನು ಎರೆದರೆ ಹತ್ತರಿಂದ ಇಪ್ಪತ್ತು ಬತ್ತಿ. ಇಡೀ ವರ್ಷಕ್ಕೆ ಇಷ್ಟೇ! ಇದಕ್ಕೆ ಪೆಟ್ಟಿಗೆಯಿಂದ ತೆಗೆದುಹಾಕುವ ಹಳೆಯ ಎರಿಯ ಮೇಣವನ್ನು ಸೇರಿಸಿಕೊಳ್ಳಬಹುದು. ಹಲವು ಮನೆಗಳಲ್ಲಿ ಹಳೆಯ ಎರಿಯನ್ನು ಮೂಲೆಗೆ ಎಸೆಯುತ್ತಾರೆ. ಅಲ್ಲಿ ಮೇಣದ ಪತಂಗದ ಹುಳು ಹುಟ್ಟಿ, ಒಳ್ಳೆಯ ಪೆಟ್ಟಿಗೆಗಳಿಗೂ ಪಿಡುಗಾಗುತ್ತದೆ. ಕೂಡಲೇ ಕರಗಿಸಿಟ್ಟರೆ ಪಿಡುಗೂ ತಪ್ಪುತ್ತದೆ, ಮೇಣವೂ ದಕ್ಕುತ್ತದೆ. ಮೊದಲ ಮೇಣ ಎಂದರೆ ಹೀಗೆ ವ್ಯರ್ಥವಾಗುತ್ತಿರುವ ಮೇಣ. ಹೆಚ್ಚು ಮೇಣದ ಆಸೆಗೆ ಹುಳುಗಳಿರುವ ಎರಿಗೆ ಕೈ ಹಾಕುವುದು ಕಸುಬಲ್ಲ, ಕುಟುಂಬದ ಕೊಲೆ.

ತುಡುವೆ ಎಷ್ಟು ನಾಜೂಕಿನ ಸಂಪತ್ತು ಎಂಬುದನ್ನು ಮಲೆನಾಡು ಒಮ್ಮೆ ಕಂಡಿದೆ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣು ರೋಗ ದಕ್ಷಿಣ ಭಾರತಕ್ಕೆ ಹಬ್ಬಿದಾಗ ಸಾಕಿದ ತುಡುವೆ ಕುಟುಂಬಗಳಲ್ಲಿ ಶೇಕಡಾ 90ಕ್ಕೂ ಹೆಚ್ಚು ನಾಶವಾದವು. ಕೊಡಗಿನಿಂದ ಉತ್ತರ ಕನ್ನಡದವರೆಗೆ ಅಟ್ಟ ಸೇರಿದ ಖಾಲಿ ಪೆಟ್ಟಿಗೆಗಳನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ಕೊಡಗಿನ ಹಳೆಯ ಸಹಕಾರ ಸಂಘದ ಹೆಸರೇ ಜೇನು ಮತ್ತು ಮೇಣ ಉತ್ಪಾದಕರ ಸಂಘ ಎಂದಿರುವುದು ಗಮನಾರ್ಹ. ಆ ತಲೆಮಾರಿಗೆ ಮೇಣವೂ ಲೆಕ್ಕಕ್ಕೆ ಸೇರಿದ ಉತ್ಪನ್ನವಾಗಿತ್ತು. ತುಪ್ಪದ ಬೆಲೆಯ ಭರಾಟೆಯಲ್ಲಿ ನಾವು ಅದನ್ನು ಮರೆತೆವು.

ಹೆಜ್ಜೇನಿನ ಮಾತು ಬೇರೆ. ಬಂಡೆ ಮತ್ತು ಎತ್ತರದ ಮರಗಳಲ್ಲಿ ಕಟ್ಟುವ ಅದರ ಒಂಟಿ ಎರಿಯನ್ನು ಕೊಯ್ದು ತುಪ್ಪ ತೆಗೆಯುವುದರಿಂದ ಮೇಣ ಹೆಚ್ಚು ದೊರೆಯುತ್ತದೆ. ಆದರೆ ಆ ವಿದ್ಯೆಯೂ ಆ ಹಕ್ಕೂ ಕಾಡಿನೊಡನೆ ಬದುಕಿದ ಸಮುದಾಯಗಳದು. ಮೊಟ್ಟೆ-ಮರಿಗಳಿರುವ ಭಾಗವನ್ನು ಬಿಟ್ಟು ತುಪ್ಪದ ಭಾಗವನ್ನಷ್ಟೇ ಕೊಯ್ಯುವ ಪದ್ಧತಿಯಲ್ಲಿ ಕುಟುಂಬ ಉಳಿಯುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಜೇನು ಸಂಗ್ರಹಿಸಿ ಮಾರುವ ಹಕ್ಕನ್ನು ವನ್ಯಜೀವಿ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿಯ ನಂತರ ಕಳೆದುಕೊಂಡು, 2006ರ ಅರಣ್ಯ ಹಕ್ಕು ಕಾಯ್ದೆಯ ಬಲದಿಂದ ಹೋರಾಡಿ, 2011ರಲ್ಲಿ ಸಮುದಾಯ ಹಕ್ಕುಪತ್ರ ಪಡೆದದ್ದು ನಮ್ಮ ಚಳವಳಿಗಳ ಇತಿಹಾಸದ ಮುಖ್ಯ ಅಧ್ಯಾಯ. ನೆರೆಯ ನೀಲಗಿರಿಯ ಕೋಟಗಿರಿಯಲ್ಲಿ 1993ರಿಂದ ಕೆಲಸ ಮಾಡುತ್ತಿರುವ ಕೀಸ್ಟೋನ್ ಪ್ರತಿಷ್ಠಾನ ಜೇನು ಕೊಯ್ಯುವ ಆದಿವಾಸಿಗಳೊಡನೆ ಸೇರಿ, ತುಪ್ಪದ ಜೊತೆಗೆ ಮೇಣಕ್ಕೂ ಬೆಲೆ ಬರುವಂತೆ ಮಾಡಿದೆ. ಅಲ್ಲಿಯ ಜೇನುಮೇಣದ ಬತ್ತಿಗಳು ಇಂದು ನಗರದ ಅಂಗಡಿಗಳಲ್ಲಿ ಸಿಗುತ್ತವೆ. ಊರಿನ ನಾವು ಹೆಜ್ಜೇನಿನ ಮೇಣ ಬಳಸುವುದಾದರೆ ಅವರಿಂದ ನ್ಯಾಯವಾದ ಬೆಲೆಗೆ ಕೊಳ್ಳಬೇಕು. ದಲ್ಲಾಳಿಯಿಂದ ಅಗ್ಗಕ್ಕೆ ಕೊಂಡು ಕಣ್ಣು ಮುಚ್ಚಿಕೊಳ್ಳಬಾರದು.

ಕೆಲವರು ಕಾಡಿನ ಬೀಜಗಳ ಕೊಬ್ಬಿನತ್ತ ನೋಡುತ್ತಾರೆ. ಅದೂ ಹೊಸದಲ್ಲ. ಪಶ್ಚಿಮ ಘಟ್ಟದಲ್ಲಿ ಮಾತ್ರ ಬೆಳೆಯುವ ಧೂಪದ ಮರದ ಬೀಜದಿಂದ ತೆಗೆದ ಗಟ್ಟಿ ಕೊಬ್ಬಿನಲ್ಲಿ ಮೇಣದ ಬತ್ತಿ ಮಾಡಬಹುದೆಂದು 19ನೇ ಶತಮಾನದಲ್ಲಿಯೇ ಬ್ರಿಟಿಷರು ಬರೆದಿಟ್ಟಿದ್ದಾರೆ. ಮುರುಗಲು ಮತ್ತು ಉಪ್ಪಾಗೆ ಬೀಜದ ತುಪ್ಪವನ್ನು ನಮ್ಮ ಹಿರಿಯರು ಅಡುಗೆಗೂ ಒಡೆದ ಹಿಮ್ಮಡಿಗೂ ಬಳಸಿದವರು. ಆದರೆ ಇಲ್ಲಿ ಎರಡು ಪಾಠಗಳನ್ನು ನೆನಪಿಡಬೇಕು. ಧೂಪದ ಬೀಜ ಒಣಗಿಸಿಡುವ ಜಾತಿಯದಲ್ಲ. ಮಳೆಗಾಲದಲ್ಲಿ ಉದುರಿ ಕೆಲವೇ ದಿನಗಳಲ್ಲಿ ಮೊಳೆಯದಿದ್ದರೆ ಸತ್ತುಹೋಗುತ್ತದೆ. ಉದುರಿದ್ದನ್ನೆಲ್ಲ ಆರಿಸಿ ತಂದರೆ ಆ ವರ್ಷ ಕಾಡಿನಲ್ಲಿ ಸಸಿಯೇ ಇಲ್ಲ. ಎರಡನೆಯದು ಉಪ್ಪಾಗೆಯ ಪಾಠ. ಬೊಜ್ಜು ಕರಗಿಸುವ ಔಷಧಿಗಾಗಿ ಅದರ ಸಿಪ್ಪೆಗೆ ವಿದೇಶದಿಂದ ಬೇಡಿಕೆ ಬಂದಾಗ, 1990ರ ದಶಕದಲ್ಲಿ, ಉತ್ತರ ಕನ್ನಡದ ಕಾಡುಗಳಲ್ಲಿ ಕಾಯಿ ಬಲಿಯುವ ಮೊದಲೇ ಕೊಯ್ಲು ನಡೆಯಿತು, ಕೊಂಬೆಗಳು ಮುರಿದವು, ಮಳೆಯಲ್ಲಿ ಸಿಪ್ಪೆ ಒಣಗಿಸಲು ಕಾಡಿನ ಸೌದೆ ಉರಿಯಿತು. ಪೇಟೆ ಹೊರಗಿನದು, ಗಾಯ ನಮ್ಮ ಕಾಡಿನದು. ಮೇಣದ ಬತ್ತಿಯಂತಹ ಸಣ್ಣ ವಸ್ತುವಿಗೂ ಒಮ್ಮೆ ದೊಡ್ಡ ಬೇಡಿಕೆ ಬಂದರೆ ಇದೇ ಆಗಬಹುದು. ಆದ್ದರಿಂದ ಅಡಿಕೆ ತೋಟದಲ್ಲಿ, ಬೆಟ್ಟದಲ್ಲಿ ತಾವೇ ಬೆಳೆಸಿದ ಮುರುಗಲಿನ ಬೀಜ ಸರಿ. ಕಾಡಿನ ಧೂಪದ ಬೀಜ ಬೇಡವೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಇನ್ನು ಹೊಸಬರು ಆರಂಭಿಸುವ ಬಗೆ. ಎರಿಯ ಚೂರುಗಳನ್ನು ಹಳೆಯ ಹತ್ತಿಬಟ್ಟೆಯ ಚೀಲದಲ್ಲಿ ಕಟ್ಟಿ, ನೀರು ತುಂಬಿದ ಸ್ಟೀಲ್ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಕಾಯಿಸಬೇಕು. ಜೇನುಮೇಣ 62ರಿಂದ 64 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವುದರಿಂದ ನೀರು ಕುದಿಯುವ ಅಗತ್ಯವಿಲ್ಲ. ಚೀಲವನ್ನು ಕೋಲಿನಿಂದ ಒತ್ತಿದರೆ ಮೇಣ ಹೊರಬಂದು ನೀರಿನ ಮೇಲೆ ತೇಲುತ್ತದೆ. ಕಸ ಒಳಗೇ ಉಳಿಯುತ್ತದೆ. ಪಾತ್ರೆಯನ್ನು ಮುಚ್ಚಿ ನಿಧಾನವಾಗಿ ಆರಲು ಬಿಟ್ಟರೆ ಮರುದಿನ ಮೇಣದ ಬಿಲ್ಲೆ ದೊರೆಯುತ್ತದೆ. ಅಡಿಯಲ್ಲಿ ಅಂಟಿದ ಕಂದು ಕಸವನ್ನು ಚಾಕುವಿನಿಂದ ಹೆರೆದು, ಮತ್ತೊಮ್ಮೆ ಕರಗಿಸಿ ಸೋಸಬೇಕು. ಕಬ್ಬಿಣ, ತಾಮ್ರದ ಪಾತ್ರೆಗಳಲ್ಲಿ ಮೇಣದ ಬಣ್ಣ ಕೆಡುತ್ತದೆ. ಬೇಸಿಗೆಯಲ್ಲಿ ಗಾಜು ಮುಚ್ಚಿದ ಕಪ್ಪು ಪೆಟ್ಟಿಗೆಯಲ್ಲಿಟ್ಟು ಬಿಸಿಲಿನಿಂದಲೇ ಕರಗಿಸಿದರೆ ಸೌದೆಯೂ ಉಳಿಯುತ್ತದೆ.

ಬತ್ತಿ ಎರೆಯುವಾಗ ಮೇಣದ ಪಾತ್ರೆಯನ್ನು ಎಂದಿಗೂ ನೇರ ಉರಿಯ ಮೇಲಿಡಬಾರದು. ನೀರಿರುವ ದೊಡ್ಡ ಪಾತ್ರೆಯೊಳಗೆ ಮೇಣದ ಪಾತ್ರೆಯನ್ನಿಟ್ಟು ಕರಗಿಸಬೇಕು. ಅತಿಯಾಗಿ ಕಾದ ಮೇಣ ಎಣ್ಣೆಯಂತೆ ಹೊತ್ತಿಕೊಳ್ಳುತ್ತದೆ. ಹೊತ್ತಿಕೊಂಡರೆ ನೀರು ಸುರಿಯುವುದು ಅಪಾಯಕಾರಿ; ಮುಚ್ಚಳ ಮುಚ್ಚಿ, ಒಲೆ ಆರಿಸಬೇಕು. ಮಕ್ಕಳು ಓಡಾಡುವ ಅಡುಗೆಮನೆಯಲ್ಲಿ ಈ ಕೆಲಸ ಬೇಡ.

ಬತ್ತಿಯ ಗುಣವನ್ನು ನಿರ್ಧರಿಸುವುದು ಮೇಣಕ್ಕಿಂತ ಹೆಚ್ಚಾಗಿ ಒಳಗಿನ ನೂಲು. ಜಡೆಯಂತೆ ಹೆಣೆದ ಹತ್ತಿ ನೂಲು ಉರಿಯುತ್ತ ಬಾಗಿ, ತುದಿ ಜ್ವಾಲೆಯ ಅಂಚಿಗೆ ಬಂದು ತಾನೇ ಸುಟ್ಟುಹೋಗುತ್ತದೆ. ಈ ಉಪಾಯ 1820ರ ದಶಕದಲ್ಲಿ ಬರುವ ಮೊದಲು ಬತ್ತಿಯ ಕುಡಿಯನ್ನು ಆಗಾಗ ಕತ್ತರಿಸುತ್ತಲೇ ಇರಬೇಕಿತ್ತು. ನೂಲು ದಪ್ಪವಾದರೆ ಹೊಗೆ ಮತ್ತು ಮಸಿ. ತೆಳುವಾದರೆ ಕರಗಿದ ಮೇಣದಲ್ಲಿ ಮುಳುಗಿ ಆರುತ್ತದೆ. ಜೇನುಮೇಣ ಮಂದವಾದ್ದರಿಂದ ಪ್ಯಾರಾಫಿನ್‌ಗಿಂತ ದಪ್ಪ ನೂಲು ಬೇಕು. ನೂಲನ್ನು ಮೊದಲು ಮೇಣದಲ್ಲಿ ಅದ್ದಿ ಒಣಗಿಸಿ, ಒಂದೇ ಅಚ್ಚಿನಲ್ಲಿ ಮೂರು ದಪ್ಪದ ನೂಲು ಹಾಕಿ ಉರಿಸಿ ನೋಡಿ, ತೂಕ ಮತ್ತು ಉರಿದ ಗಂಟೆಗಳನ್ನು ಪುಸ್ತಕದಲ್ಲಿ ಬರೆದಿಡಬೇಕು. ಪೂರ್ತಿ ಉರಿಸಿ ಪರೀಕ್ಷಿಸದ ಬತ್ತಿಯನ್ನು ಮಾರುವ ಹಕ್ಕು ಯಾರಿಗೂ ಇಲ್ಲ.

ಈಗ ಹಣದ ಲೆಕ್ಕ. ಇಲ್ಲಿ ಹಿಡಿದ ದರಗಳು ಲೆಕ್ಕ ಕಲಿಯಲೆಂದು ಮಾತ್ರ. ಪ್ರತಿಯೊಬ್ಬರೂ ತಮ್ಮ ಊರಿನ ದರ ಹಾಕಿಕೊಳ್ಳಬೇಕು. ಒಂದು ಕಿಲೋ ಮೇಣಕ್ಕೆ 600 ರೂಪಾಯಿ. ಸೋಸುವಾಗ, ಎರೆಯುವಾಗ 50 ಗ್ರಾಂ ನಷ್ಟವಾಗಿ 50 ಗ್ರಾಂನ 19 ಬತ್ತಿಗಳಾದವು. ನೂಲು, ಇಂಧನ, ಕಾಗದಕ್ಕೆ 95 ರೂಪಾಯಿ. ಮೂರು ಗಂಟೆಯ ಕೆಲಸಕ್ಕೆ ಗಂಟೆಗೆ 60ರಂತೆ 180 ರೂಪಾಯಿ. ಒಟ್ಟು 875, ಬತ್ತಿಯೊಂದಕ್ಕೆ ಸುಮಾರು 46 ರೂಪಾಯಿ. ಅಂಗಡಿಯಲ್ಲಿ 70 ರೂಪಾಯಿಗೆ ಮಾರಿ, ಅಂಗಡಿಯವರು ಶೇಕಡಾ 30 ಹಿಡಿದುಕೊಂಡರೆ ನಮಗೆ 49. ಉಳಿತಾಯ 3 ರೂಪಾಯಿ. ಕೂಲಿಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಇದೇ ಬತ್ತಿ 12 ರೂಪಾಯಿ ‘ಲಾಭ’ ಕೊಟ್ಟಂತೆ ಕಾಣುತ್ತದೆ. ಮನೆಯ ಹೆಣ್ಣುಮಕ್ಕಳ ದುಡಿಮೆಗೆ ಬೆಲೆಯಿಲ್ಲವೆಂದು ಭಾವಿಸಿದಾಗ ಮಾತ್ರ ಇಂತಹ ಲಾಭ ಹುಟ್ಟುತ್ತದೆ. ಸ್ವಾವಲಂಬನೆಯ ಹೆಸರಿನಲ್ಲಿ ನಡೆಯುವ ಅನೇಕ ಮನೆ ಕಸುಬುಗಳ ಗುಟ್ಟು ಇದೇ.

ಈ ಲೆಕ್ಕವನ್ನು ಊರಿಗೆ ಹಿಗ್ಗಿಸಿದರೆ ಚಿತ್ರ ಇನ್ನಷ್ಟು ಸ್ಪಷ್ಟವಾಗುತ್ತದೆ. ಇಪ್ಪತ್ತು ಮನೆಗಳು ಕೂಡಿ ವರ್ಷಕ್ಕೆ 20 ಕಿಲೋ ಮೇಣ ಒಟ್ಟುಮಾಡಿದವೆಂದುಕೊಳ್ಳಿ. 380 ಬತ್ತಿ. ಜೇನು ಸಾಕಿದವರಿಗೆ ಮೇಣದ ಬೆಲೆಯಾಗಿ 12,000, ಎರೆದವರಿಗೆ ಕೂಲಿಯಾಗಿ 3,600, ಸಂಘಕ್ಕೆ ಉಳಿತಾಯವಾಗಿ ಸುಮಾರು 1,100 ರೂಪಾಯಿ. ಇದರಿಂದ ಯಾರೂ ಬದುಕು ಕಟ್ಟಲಾರರು. ಇದು ಉಪಕಸುಬು, ಹಾಗೆಂದೇ ಆರಂಭಿಸಬೇಕು. ಸಾಲ ಮಾಡಿ ಅಲ್ಲ. ಆದರೆ ನಿನ್ನೆಯವರೆಗೆ ಮೂಲೆಗೆಸೆದ ವಸ್ತುವಿನಿಂದ ಹದಿನಾರು ಸಾವಿರಕ್ಕೂ ಹೆಚ್ಚು ಹಣ ಊರಿನಲ್ಲೇ ಉಳಿಯುತ್ತದೆ ಎಂಬುದೂ ಸಣ್ಣ ಮಾತಲ್ಲ. ಪ್ಯಾರಾಫಿನ್‌ನಲ್ಲಿ ಮೇಣದ ಪಾಲು ಪೂರ್ತಿಯಾಗಿ ಘಟ್ಟ ಇಳಿದುಹೋಗುತ್ತದೆ. ನೇರವಾಗಿ ಕೊಳ್ಳುವವರ ಕೈಗೇ ಮಾರಿದರೆ ಅಂಗಡಿಯ ಪಾಲಿನ 21 ರೂಪಾಯಿಯೂ ನಮ್ಮದಾಗುತ್ತದೆ.

ಕೊಳ್ಳುವವರು ಯಾರೆಂಬ ಪ್ರಶ್ನೆಗೂ ಉತ್ತರ ಇಲ್ಲಿದೆ. ಹೋಮ್‌ಸ್ಟೇಗಳಿಗೆ ಬರುವ ಅತಿಥಿಗಳು, ಕ್ರಿಸ್‌ಮಸ್, ನವೆಂಬರ್ 2ರ ಮೃತರ ಸ್ಮರಣೆಯ ದಿನ, ಕಾರ್ಕಳದ ಅತ್ತೂರಿನಲ್ಲಿ ಜನವರಿಯಲ್ಲಿ ನಡೆಯುವ, ಮತಭೇದವಿಲ್ಲದೆ ಜನ ಬತ್ತಿ ಹಚ್ಚುವ ಸಂತ ಲಾರೆನ್ಸರ ಹಬ್ಬ. ಇವು ಕತ್ತಲೆಗೆ ಹೆದರಿದವರ ಪೇಟೆಯಲ್ಲ, ಬತ್ತಿಯಲ್ಲಿ ಅರ್ಥ ಕಾಣುವವರ ಪೇಟೆ. ಅವರಿಗೆ ಸುಳ್ಳು ಹೇಳಬಾರದು. ಪ್ಯಾರಾಫಿನ್ ಬೆರೆಸಿದ ಜೇನುಮೇಣವನ್ನು ಶುದ್ಧವೆಂದು ಮಾರುವ ಚಾಳಿ ಪೇಟೆಯಲ್ಲಿದೆ. ನಮ್ಮ ಸಂಘಗಳು ಅದಕ್ಕೆ ಇಳಿದರೆ ಒಂದೇ ವರ್ಷದಲ್ಲಿ ನಂಬಿಕೆ ಕರಗುತ್ತದೆ. ಬೆರೆಸಿದ್ದರೆ ಎಷ್ಟು ಎಂದು ಬರೆಯಿರಿ. ಪೊಟ್ಟಣ ಕಟ್ಟಿ ಮಾರುವಾಗ ತಯಾರಕರ ಹೆಸರು-ವಿಳಾಸ, ತೂಕ ಅಥವಾ ಸಂಖ್ಯೆ, ತಯಾರಾದ ತಿಂಗಳು-ವರ್ಷ, ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ ನಮೂದಿಸುವುದು ಕಾನೂನಿನ ಅಗತ್ಯ. ಸಣ್ಣ ಉದ್ಯಮಗಳ ‘ಉದ್ಯಮ್’ ನೋಂದಣಿ 2020ರಿಂದ ಉಚಿತ. ಅದಕ್ಕಾಗಿ ಮಧ್ಯವರ್ತಿಗೆ ಹಣ ತೆರಬೇಕಿಲ್ಲ.

ವಿದ್ಯಾರ್ಥಿ ಮಿತ್ರರಿಗೆ ಒಂದು ಮಾತು. ವಿಜ್ಞಾನಿ ಮೈಕೇಲ್ ಫ್ಯಾರಡೆ 1860-61ರ ಚಳಿಗಾಲದಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಎಳೆಯರಿಗಾಗಿ ಆರು ಉಪನ್ಯಾಸಗಳನ್ನು ಕೊಟ್ಟರು. ವಿಷಯ ಒಂದೇ, ಉರಿಯುವ ಮೇಣದ ಬತ್ತಿ. ನಿಮ್ಮ ಶಾಲೆಯ ಪ್ರಯೋಗಶಾಲೆಗೆ ಬೇಕಾದ್ದು ನಿಮ್ಮ ಹಿತ್ತಲಿನ ಜೇನುಪೆಟ್ಟಿಗೆಯಲ್ಲೇ ಇದೆ. ಗಂಟೆಗೆ ಎಷ್ಟು ಗ್ರಾಂ ಉರಿಯಿತು, ಗಾಜಿನ ಮೇಲೆ ಎಷ್ಟು ಮಸಿ ಕೂತಿತು ಎಂದು ಅಳೆಯಿರಿ. ಊರಿನಲ್ಲಿ ಎಷ್ಟು ಪೆಟ್ಟಿಗೆಗಳಿವೆ, ಎಷ್ಟು ಎರಿ ವ್ಯರ್ಥವಾಗುತ್ತಿದೆ, ಯಾವ ತಿಂಗಳು ಯಾವ ಹೂವು ಎಂಬ ಪಟ್ಟಿ ಮಾಡಿ ಸಂಘದ ಮುಂದಿಡಿ. ಈ ಕಸುಬಿಗೆ ಇಂದು ಬೇಕಾಗಿರುವುದು ಯಂತ್ರಕ್ಕಿಂತ ಮೊದಲು ಇಂತಹ ಲೆಕ್ಕ.

ಜೇನುಮೇಣದ ಬತ್ತಿಯೊಂದರ ಹಿಂದೆ ಹೂವು ಬಿಡುವ ಕಾಡಿರಬೇಕು, ವಿಷ ಸಿಂಪಡಿಸದ ತೋಟವಿರಬೇಕು, ರೋಗವಿಲ್ಲದ ಜೇನುಕುಟುಂಬ ಇರಬೇಕು. ನೇರಳೆ, ಮತ್ತಿ, ಅಂಟುವಾಳ ಕಡಿದ ಗುಡ್ಡದಲ್ಲಿ ಮೇಣ ಹುಟ್ಟುವುದಿಲ್ಲ. ಆದ್ದರಿಂದ ಕಸುಬು ಆರಂಭಿಸುವ ಪ್ರತಿ ಸಂಘವೂ ಮೂರು ಕಟ್ಟಳೆಗಳನ್ನು ಮೊದಲ ಸಭೆಯಲ್ಲೇ ಬರೆದಿಟ್ಟುಕೊಳ್ಳಲಿ: ಹುಳುವಿರುವ ಎರಿ ಮುಟ್ಟುವುದಿಲ್ಲ, ದುಡಿದವರ ಕೂಲಿಯನ್ನು ಬೆಲೆಯಲ್ಲಿ ಸೇರಿಸದೆ ಮಾರುವುದಿಲ್ಲ, ಇರುವ ಮೇಣಕ್ಕಿಂತ ಹೆಚ್ಚಿನ ಬೇಡಿಕೆ ಬಂದಾಗ ಇಲ್ಲವೆನ್ನಲು ಹಿಂಜರಿಯುವುದಿಲ್ಲ. ಮೂರನೆಯದು ಅತ್ಯಂತ ಕಷ್ಟದ್ದು. ಗುಡ್ಡದ ಆರ್ಥಿಕತೆ ಉಳಿಯುವುದೂ ಅದರಿಂದಲೇ. ಈ ಸುಗ್ಗಿಯ ತುಪ್ಪ ತೆಗೆಯುವ ದಿನ ಮೇಣದ ಮುಚ್ಚಳಗಳನ್ನು ತೊಳೆದು ಒಂದು ಡಬ್ಬಿಯಲ್ಲಿ ಎತ್ತಿಡಿ. ಆರಂಭಕ್ಕೆ ಅಷ್ಟು ಸಾಕು.